ಚೀಟಿಯವನು ಮತ್ತು ಎದುರುಮನೆಯ ಹುಂಜ

ನನಗೆ ಭಾಷಣದ ಚಟವಿದೆ ಎಂದು ನನ್ನ ಗಂಡ ಊರ ತುಂಬ ಹೇಳಿಕೊಂಡು ಬಂದಿದ್ದಾರೆ. ಶುದ್ಧ ಸುಳ್ಳು. ನನಗಿರುವುದು ತಿದ್ದುವ ಚಟ. ತಿದ್ದಬೇಕಾದವರು ನಾಲ್ಕು ಜನರಿಗಿಂತ ಹೆಚ್ಚಾದಾಗ ಅದು ಭಾಷಣದಂತೆ ಕೇಳಿಸುತ್ತದೆ, ಅಷ್ಟೆ. ಅಣ್ಣಿಗೇರಿ ಕಡೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತ ಬಂದವಳಿಗೆ ಇಷ್ಟಾದರೂ ಚಟ ಅಂಟದಿದ್ದರೆ ಹೇಗೆ?

ಹೋದ ವರ್ಷ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಶುರುವಾಯಿತು. ಪ್ರತಿ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಒಬ್ಬ ಶಿಕ್ಷಕರು ಒಬ್ಬ ಮಹಾತ್ಮರ ಬಗ್ಗೆ ಮಾತಾಡಬೇಕು. ನನ್ನ ಪಾಳಿ ಬರುವಷ್ಟರಲ್ಲಿ ಮಹಾತ್ಮರೆಲ್ಲ ಖರ್ಚಾಗಿದ್ದರು. ಕೆಲವರಂತೂ ಎರಡೆರಡು ಸಲ ಆಗಿಹೋಗಿದ್ದರು. ನಾನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಿದ್ದ ಒಬ್ಬರನ್ನು ಗಣಿತದ ಸರ್ ಹಿಂದಿನ ವಾರ ಹೇಳದೆ ಕೇಳದೆ ಮುಗಿಸಿಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಕೈಗೂ ಸಿಕ್ಕಿರದ ಒಬ್ಬನನ್ನು ತಂದು ತೋರಿಸುತ್ತೇನೆ ಎಂದು ಹಟ ಹಿಡಿದು, ಹುಡುಕಿ ಹುಡುಕಿ, ಸ್ವೀಡನ್ ದೇಶದವನೊಬ್ಬನನ್ನು ತಂದೆ.

ಬಹಳ ಹಿಂದೆ ದೊಡ್ಡ ಯುದ್ಧ ನಡೆದಿದ್ದಾಗ ಈ ಮನುಷ್ಯ ಪರದೇಶದ ಒಂದು ಪಟ್ಟಣದಲ್ಲಿ ಕುಳಿತು, ಜೀವ ಉಳಿಸಿಕೊಳ್ಳಲು ಓಡಾಡುತ್ತಿದ್ದ ನಿರಾಶ್ರಿತರಿಗೆ ಚೀಟಿ ಬರೆದು ಕೊಡುತ್ತಿದ್ದ. ‘ಇವರು ನಮ್ಮ ದೇಶದ ರಕ್ಷಣೆಯಲ್ಲಿದ್ದಾರೆ, ಮುಟ್ಟಬೇಡಿ’ ಎಂಬಂಥ ಚೀಟಿ. ಇಷ್ಟು ಜನಕ್ಕೆ ಮಾತ್ರ ಕೊಡು ಎಂದು ಮೇಲಿನವರು ಹೇಳಿದರೆ ಇವನು ಕೇಳಿದವರಿಗೆಲ್ಲ ಕೊಟ್ಟ. ಇದನ್ನು ಆರು ಪುಟಕ್ಕೆ ಎಳೆದು, ನಡುನಡುವೆ ‘ಪ್ರಿಯ ವಿದ್ಯಾರ್ಥಿಗಳೇ’ ಎಂದು ಸೇರಿಸಿ, ಗುರುವಾರ ಸಂಜೆ ಮನೆಯ ಕಟ್ಟೆಯ ಮೇಲೆ ನಿಂತು ಅಭ್ಯಾಸ ಮಾಡಿದೆ. ನನ್ನ ಗಂಡ ಹೊಲದಲ್ಲಿ ಕಡಲೆ ನೋಡಬೇಕೆಂದು ಎದ್ದು ಹೋದರು. ಉಳಿದ ಸಭಿಕರು ಇಬ್ಬರೇ. ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ನನ್ನ ಅತ್ತೆ, ಮತ್ತು ಎದುರುಮನೆಯ ಹುಂಜ.

ಹುಂಜದ ವಿಷಯ ಹೇಳಬೇಕು. ಅದು ನಮ್ಮ ಎದುರುಮನೆಯವರದು. ಅವರು ಕುರಿ ಸಾಕುವ ಮಂದಿ, ನಾವು ವಿಭೂತಿ ಹಚ್ಚುವ ಮಂದಿ. ಮೂವತ್ತು ವರ್ಷದಿಂದ ಉಪ್ಪು ಖಾರ ಕೊಟ್ಟು ತೆಗೆದುಕೊಂಡು ಇದ್ದೇವೆ, ಕೋಳಿ ಮಾತ್ರ ಅವರ ಹೊಸ್ತಿಲ ಆಚೆಗೇ. ಆದರೆ ಈ ಹುಂಜಕ್ಕೆ ಹೊಸ್ತಿಲು ತಿಳಿಯುತ್ತಿರಲಿಲ್ಲ. ಒಂದು ಬೆರಳು ಸೊಟ್ಟಗಿದ್ದ ಕಾಲನ್ನು ಎಳೆಯುತ್ತ, ಸಾಲ ವಸೂಲಿಗೆ ಬಂದವರ ಠೀವಿಯಲ್ಲಿ ಸಂಜೆಯಾದರೆ ನಮ್ಮ ಕಟ್ಟೆಗೆ ಹಾಜರು. ಅತ್ತೆ ಅದನ್ನು ಬಾಯಿ ತುಂಬ ಬೈಯುತ್ತಿದ್ದರು. “ಇದರ ಬಾಯಾಗ ಮಣ್ಣ ಹಾಕಲಿ, ಮತ್ತ ಬಂತ ನೋಡ!” ಎನ್ನುತ್ತಲೇ ಒಂದು ಹಿಡಿ ನುಚ್ಚು ಅತ್ತ ಚೆಲ್ಲುತ್ತಿದ್ದರು. ಚೆಲ್ಲಿದ್ದು ಕೈ ಜಾರಿ ಎಂಬುದು ಅವರ ವಾದ. ದಿನಾ ಸಂಜೆ ಅದೇ ಹೊತ್ತಿಗೆ ಅದೇ ಜಾಗಕ್ಕೆ ಕೈ ಜಾರುವ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ.

ನನ್ನ ಭಾಷಣವನ್ನು ಅತ್ತೆ ಅರ್ಧಕ್ಕೇ ತಡೆದರು.

“ಅವನ ಹೆಸರೇನಬೇ?”

ಹೇಳಿದೆ. ಎರಡು ಸಲ ಪ್ರಯತ್ನ ಮಾಡಿ ಬಿಟ್ಟರು. “ಬಾಯಾಗ ಅವಲಕ್ಕಿ ತುಂಬ್ಕೊಂಡು ಮಾತಾಡಿದಂಗ ಆಕ್ಕೈತಿ. ನಾ ಚೀಟಿಯವಾ ಅಂತೀನಿ. ಆ ಚೀಟಿಗೆ ಖರೇನ ಕಿಮ್ಮತ್ತಿತ್ತೇನ?”

“ಅರ್ಧಾ ಇತ್ರಿ, ಅರ್ಧಾ ಇರಲಿಲ್ಲ. ಆದ್ರ ಮ್ಯಾಲ ಒತ್ತಿದ ಶಿಕ್ಕಾ ದೊಡ್ಡದಿತ್ತು, ಬಣ್ಣಾ ಇತ್ತು. ಸಿಪಾಯಿ ನೋಡಿದ ಕೂಡ್ಲೆ ಹೆದರ್ತಿದ್ದ.”

“ಓದ್ತಿರಲಿಲ್ಲೇನ?”

“ಶಿಕ್ಕಾ ನೋಡಿದ ಮ್ಯಾಲ ಯಾರ ಓದ್ತಾರ್ರಿ?”

“ಹೌದ ಬಿಡು. ಲಗ್ನದ ಕಾರ್ಡೂ ಯಾರೂ ಓದೂದಿಲ್ಲ. ಮೂಲಿಗೆ ಅರಿಷಿಣ ಹಚ್ಚಿದ್ದು ನೋಡಿ ಊಟಕ್ಕ ಹೊಂಟ ಬಿಡ್ತಾರ.”

ಅಷ್ಟರಲ್ಲಿ ಎದುರುಮನೆಯಾಕೆ ಸೆರಗಿಗೆ ಕೈ ಒರೆಸುತ್ತ ಓಡಿಬಂದಳು. ನನ್ನ ವಾರಿಗೆಯವಳು, ನಕ್ಕರೆ ಓಣಿಗೆ ಕೇಳಿಸುವಂತೆ ನಗುವವಳು. ಆದರೆ ಎರಡು ವರ್ಷದಿಂದ ಆ ನಗು ಕಡಿಮೆಯಾಗಿತ್ತು. ಇದ್ದೊಬ್ಬ ಮಗಳನ್ನು ಕುಂದಗೋಳದ ಕಡೆ ಕೊಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಊಟಕ್ಕೆ ಬಂದ ಅಳಿಯನ ತಾಟಿಗೆ ಕೋಳಿಯ ಕುತ್ತಿಗೆ ಬಿತ್ತಂತೆ, ಅವನ ಜೊತೆ ಬಂದ ಗೆಳೆಯನ ತಾಟಿಗೆ ಕಾಲು ಬಿತ್ತಂತೆ. ಅಂದು ಹೋದವನು ತಿರುಗಿ ಬಂದಿರಲಿಲ್ಲ, ಮಗಳೂ ಬಂದಿರಲಿಲ್ಲ. ಇದು ಇಡೀ ಓಣಿಗೆ ಗೊತ್ತಿದ್ದ ಇತಿಹಾಸ.

“ಅಕ್ಕೋರ, ಅವ್ವಾರ, ರವಿವಾರ ಬರಾಕತ್ತಾರ! ಇಬ್ಬರೂ! ಮಗಳ ಫೋನ ಬಂದಿತ್ತು!” ಎಂದು ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. ನನಗೂ ತುಂಬಿತು. ಆಮೇಲೆ ಅವಳು ಕಟ್ಟೆಯ ಮೇಲಿದ್ದ ಹುಂಜವನ್ನು ತೋರಿಸಿ ಹೇಳಿದಳು. “ಈ ಸಲ ಎರಡೂ ಕಾಲು ಅವನ ತಾಟಿಗೇ ಹಾಕ್ತೀನ್ರಿ. ಇದನ್ನ ಇಟ್ಟೀನಿ.”

ಹುಂಜ ಕತ್ತು ಓರೆ ಮಾಡಿ ಅವಳನ್ನೇ ನೋಡಿತು. ಅತ್ತೆಯ ಕೈಯ ಮೊರ ನಿಂತುಬಿಟ್ಟಿತು.

ಅವಳು ಹೋದ ಮೇಲೆ ಅತ್ತೆ ಹುಂಜದ ಕಡೆಗೆ ಇನ್ನೊಂದು ಹಿಡಿ ನುಚ್ಚು ಚೆಲ್ಲಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು. “ಚೀಟಿಯವಾ ಪಟ್ಟಿ ನೋಡಿ ಕೊಡ್ತಿದ್ನ, ಮಕಾ ನೋಡಿ ಕೊಡ್ತಿದ್ನ?”

“ಮಕಾ ನೋಡ್ರಿ,” ಎಂದೆ. ಮುದುಕಿಗೆ ಇತಿಹಾಸದಲ್ಲಿ ಆಸಕ್ತಿ ಹುಟ್ಟಿತಲ್ಲ ಎಂದು ಒಳಗೊಳಗೇ ಉಬ್ಬಿದೆ. ಇಪ್ಪತ್ತು ವರ್ಷ ಕಲಿಸಿದರೂ ನಾನು ದಡ್ಡಿಯೇ.

ಶನಿವಾರ ಮುಂಜಾನೆಯ ಶಾಲೆ. ಮುಗಿಸಿಕೊಂಡು ಮಧ್ಯಾಹ್ನ ಬಸ್ಸಿಳಿದು ಬಂದರೆ ಎದುರುಮನೆಯ ಮುಂದೆ ಜನ ಸೇರಿದ್ದರು. ನೂಕಿಕೊಂಡು ಒಳಗೆ ಹೋಗಿ ನೋಡಿದೆ. ನಡುವೆ, ತಿರುಗಿಸಿಟ್ಟ ಬುಟ್ಟಿಯ ಮೇಲೆ, ಹುಂಜ ನಿಂತಿತ್ತು. ಎದೆಯ ಮೇಲೆ ಮೂರು ಬೆರಳಿನ ವಿಭೂತಿ. ಬೆನ್ನ ತುಂಬ ಅರಿಷಿಣ. ಜುಟ್ಟಿಗೆ ಕುಂಕುಮ. ಕೊರಳಲ್ಲಿ ಕರಿ ದಾರ, ದಾರಕ್ಕೆ ಮಡಚಿ ಮಡಚಿ ಕಟ್ಟಿದ ಒಂದು ತಾಯತ.

ನಮ್ಮ ಕಡೆ ದೇವರಿಗೆ ಬಿಟ್ಟ ಪ್ರಾಣಿಯನ್ನು ಯಾರೂ ಮುಟ್ಟುವುದಿಲ್ಲ. ಅದು ಯಾರ ಹೊಲ ಹೊಕ್ಕರೂ ಬಡಿಯುವುದಿಲ್ಲ, ಯಾರ ಕಾಳು ತಿಂದರೂ ಕೇಳುವುದಿಲ್ಲ. ಆದರೆ ಅದು ಗೂಳಿಗೋ ಕೋಣಕ್ಕೋ ಇದ್ದ ಮಾತು. ಹುಂಜ ಇದೇ ಮೊದಲು. ಅದರಲ್ಲೂ ಯಾವ ದೇವರಿಗೆ ಬಿಟ್ಟದ್ದು ಎಂಬುದೇ ಬಗೆಹರಿದಿರಲಿಲ್ಲ. ಓಣಿಯ ಹಿರಿಯರಾದ ಕಾಕಾ ಒಬ್ಬರಿದ್ದಾರೆ, ಗೊತ್ತಿಲ್ಲ ಎಂಬ ಮಾತನ್ನು ಹುಟ್ಟಿದಾಗಿನಿಂದ ಆಡಿದವರಲ್ಲ. ಅವರು ಹುಂಜದ ಸುತ್ತ ಎರಡು ಸುತ್ತು ಬಂದರು.

“ಅರಿಷಿಣದ ಭಂಡಾರ ನೋಡಿದ್ರ ಬೀರಪ್ಪಂದು. ವಿಭೂತಿ ನೋಡಿದ್ರ ಈಶ್ವರಂದು. ಕುಂಕುಮ ನೋಡಿದ್ರ ದ್ಯಾಮವ್ವಂದು.” ಸ್ವಲ್ಪ ತಡೆದು ತೀರ್ಪು ಕೊಟ್ಟರು. “ಮೂರೂ ಮಂದಿ ಕೂಡೇ ಹಿಡದಾರ. ಇದನ್ನ ಕೊಯ್ಯೂದಲ್ಲ, ಇದರ ಮುಂದ ಜೋರ ಉಸರೂ ಬಿಡಬ್ಯಾಡ್ರಿ.”

ಜನ ಒಂದು ಹೆಜ್ಜೆ ಹಿಂದೆ ಸರಿದರು. ಹುಂಜ ಬುಟ್ಟಿಯ ಮೇಲೆ ಹಿಕ್ಕೆ ಹಾಕಿತು. ಅದನ್ನೂ ಯಾರೋ ಶುಭ ಶಕುನ ಎಂದರು.

ಎದುರುಮನೆಯಾಕೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಳು. ಹರಕೆ ಹೊತ್ತವರು ಯಾರು? ಗಂಡನೇ ಇರಬೇಕೆಂದು ಅವಳಿಗೆ ಅನುಮಾನ. ಗಂಡ ನವಲಗುಂದದ ಆಚೆ ಕುರಿ ಮೇಯಿಸಲು ಹೋಗಿದ್ದ. ದೇವರ ಭಯದ ಮನುಷ್ಯ. ಕುರಿ ಕೆಮ್ಮಿದರೂ ಹರಕೆ, ಮಳೆ ಬಂದರೂ ಹರಕೆ. ಫೋನು ಹತ್ತಿತು. ಅವಳು ಸ್ಪೀಕರ್ ಹಾಕಿ ಚೀರಿದಳು. “ಹುಂಜಾ ದೇವರಿಗೆ ಬಿಡ್ತೀನಂತ ಬೇಡ್ಕೊಂಡಿದ್ದೇನ?”

ಆ ಕಡೆಯಿಂದ ಕುರಿಗಳ ಸದ್ದು. ಆಮೇಲೆ ಬಹಳ ಯೋಚನೆಯ ದನಿ. “ಬೇಡ್ಕೊಂಡಿರಬೇಕ ನೋಡ. ಹೌದು, ಬೇಡ್ಕೊಂಡೇನಿ ಅನಸ್ತೈತಿ.”

ಮುಗಿಯಿತು. ತಾನು ಹೊರದ ಹರಕೆಯನ್ನು ಮನುಷ್ಯ ಒಪ್ಪಿಕೊಂಡುಬಿಟ್ಟ. ಜನ ಕೈ ಮುಗಿದರು. ನಾನೂ ಮುಗಿಯಲು ಬಾಗಿದೆ. ಆಗ ಆ ತಾಯತ ಕಣ್ಣಿಗೆ ಹತ್ತಿರವಾಯಿತು. ನೀಲಿ ಗೆರೆಯ ಕಾಗದ. ಮಡಿಕೆಯ ಅಂಚಿನಲ್ಲಿ ಕೆಂಪು ಮಸಿಯಲ್ಲಿ ‘ರ್ಥಿಗಳೇ’ ಎಂದಿತ್ತು.

ನಾನು ಮನೆಗೆ ಹೋದ ವೇಗಕ್ಕೆ ಚಪ್ಪಲಿ ಒಂದು ಓಣಿಯಲ್ಲೇ ಉಳಿಯಿತು. ದೇವರ ಮಾಡದಲ್ಲಿ ಬೋರಲಾಗಿ ಇಟ್ಟಿದ್ದ ಭಾಷಣದ ಕಂತೆಯಲ್ಲಿ ಮೇಲಿದ್ದ ಕೊನೆಯ ಪುಟ ಇರಲಿಲ್ಲ. ಕೊನೆಯ ಪುಟವೇನು, ಮೊದಲ ಪುಟ ಬಿಟ್ಟರೆ ಒಂದೂ ಇರಲಿಲ್ಲ! ಅತ್ತೆ ಒಲೆಯ ಮುಂದೆ ಕುಳಿತು, ಅಗದಿ ಪಾಪದ ಮುಖ ಮಾಡಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಬೆರಳೆಲ್ಲ ಹಳದಿ.

“ಅತ್ತೀ, ಹುಂಜಕ್ಕ ಒಂದು ಪುಟ. ಉಳದ ನಾಕು ಎಲ್ಲಿ ಹೋದೂ?”

“ಒಂದಕ್ಕ ಕೊಟ್ಟ ಮ್ಯಾಲ ಉಳಿದೂವು ಸುಮ್ನಿರ್ತಾವೇನಬೇ?” ಎಂದರು ಬೆಳ್ಳುಳ್ಳಿ ನೋಡುತ್ತಲೇ. “ಮೂಲಿಮನಿ ಹುಂಜಕ್ಕ ಒಂದು. ಕಾಕಾನ ಮನಿ ಹುಂಜಗಳಿಗೆ ಎರಡು. ಗುಡಿ ಬಾಜು ಆ ಬಿಳಿ ಆಡು ಐತೆಲ್ಲಾ, ಅದಕ್ಕೊಂದು. ನಿಂದು ಕಾಗದ ತೀರಿಹೋತು, ಇಲ್ಲಾಂದ್ರ ಇನ್ನೂ ಇದ್ದೂ.”

“ಮೊದಲನೇದು ಯಾಕ ಬಿಟ್ರಿ?”

“ನಿನಗ ಬೇಕಾಗತೈತೆಲ್ಲಾ.”

ಆ ಪುಟದಲ್ಲಿದ್ದದ್ದು ‘ಎಲ್ಲರಿಗೂ ನಮಸ್ಕಾರ’ ಎಂಬುದೊಂದೇ. ಉಳಿದ ನನ್ನ ಭಾಷಣವೆಲ್ಲ ಓಣಿಯಲ್ಲಿ ಕೆದರುತ್ತ, ಕೂಗುತ್ತ, ಎಲೆ ಮೇಯುತ್ತ ತಿರುಗಾಡುತ್ತಿತ್ತು.

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಅಳಿಯನಿಗೆ ಫಾರಂ ಕೋಳಿ ಹಾಕಿದರೆ ಕುತ್ತಿಗೆ ಹಾಕಿದ್ದಕ್ಕಿಂತ ದೊಡ್ಡ ಅಪಮಾನ. ಬೇರೆ ಜವಾರಿ ಹುಂಜ ತರೋಣವೆಂದರೆ ಓಣಿಯ ಹುಂಜಗಳೆಲ್ಲ ಪರದೇಶದ ಪ್ರಜೆಗಳಾಗಿ ಕುಳಿತಿವೆ. “ಅವ ಮತ್ತ ಸಿಟ್ಟಾಗಿ ಹೋದ್ರ ಆಕಿ ಮಗಳು ಇನ್ನೆರಡು ವರ್ಷ ಬರೂದಿಲ್ರಿ! ನಿಮಗೊಂದು ಹುಂಜಾ ಹೆಚ್ಚಾತೇನ?” ಎಂದು ಕೂಗಾಡಿದೆ.

“ಹುಂಜಾನೂ ಉಳೀಲಿ, ಮಗಳೂ ಬರಲಿ.”

“ಎರಡೂ ಆಗೂದಿಲ್ರಿ!”

“ಚೀಟಿಯವ ಹಂಗ ಅಂದಿದ್ನೇನ?”

ಮಾಡಿದ್ದುಣ್ಣೋ ಮಹರಾಯ. ನಾನೇ ಕಲಿಸಿದ ಪಾಠ, ನನಗೇ ಒಪ್ಪಿಸಿದರು. ಹೋಗಿ ನಿಜ ಹೇಳಿಬಿಡುತ್ತೇನೆ ಎಂದು ಬಾಗಿಲವರೆಗೆ ಹೋದೆ. ಹೇಳಿದರೆ ನಾಳೆ ಮುಂಜಾನೆ ಹುಂಜ ಒಲೆಯ ಮೇಲೆ. ಹೇಳದಿದ್ದರೆ ಅವಳ ಮಗಳ ತವರು ಮುಚ್ಚಿದಂತೆ. ಸಂಜೆ ಅವಳೇ ಬಂದು ನಮ್ಮ ಅಡುಗೆಮನೆಯಲ್ಲಿ ಕುಳಿತು, “ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ರಿ ಅಕ್ಕೋರ,” ಎಂದು ಅತ್ತಳು. ನಾನು ಕುಂಬಳಕಾಯಿ ಕಳ್ಳಿಯಂತೆ ಹೆಗಲು ಮುಟ್ಟಿಕೊಳ್ಳುತ್ತ ಅವಳಿಗೆ ಚಹಾ ಕೊಟ್ಟೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಅತ್ತೆ ಮಾತ್ರ ಎದ್ದು, ಡಬ್ಬಿಯಿಂದ ಕಡಲೆಬೇಳೆ ತೆಗೆದು ಅಳೆಯತೊಡಗಿದರು.

ರವಿವಾರ ಹನ್ನೊಂದರ ಸುಮಾರಿಗೆ ಮೋಟರ್‌ಸೈಕಲ್ ಬಂತು. ಮಗಳು ಇಳಿಯುವ ಮೊದಲೇ ತಾಯಿ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಸೇರಿ ಗಾಡಿ ಬೀಳಿಸುವುದರಲ್ಲಿದ್ದರು. ಅಳಿಯ ಗಂಭೀರವಾಗಿ ಕಾಲು ತೊಳೆದುಕೊಂಡು ಒಳಗೆ ಹೋಗಿ ಕುಳಿತ. ಮುಂಜಾನೆಯಷ್ಟೇ ಕುರಿ ಬಿಟ್ಟು ಬಂದಿದ್ದ ಮಾವ ಅವನ ಎದುರು ಕುಳಿತು ಗೋಡೆ ನೋಡುತ್ತಿದ್ದ. ನಾವು ನಮ್ಮ ಕಿಟಕಿಯಲ್ಲಿದ್ದೆವು. ಅಂದರೆ ನಾನಿದ್ದೆ. ಪಕ್ಕಕ್ಕೆ ತಿರುಗಿದರೆ ಅತ್ತೆ ಇಲ್ಲ.

ಅತ್ತೆ ಓಣಿ ದಾಟುತ್ತಿದ್ದರು. ಬೆಳಗಿನ ಜಾವವೇ ಎದ್ದು ಮಾಡಿದ ಹೂರಣದ ಹೋಳಿಗೆಯ ಬುಟ್ಟಿ ಸೊಂಟದ ಮೇಲೆ, ತುಪ್ಪದ ತಂಬಿಗೆ ಕೈಯಲ್ಲಿ. ನಾನು ಕಟ್ಟಿನ ಸಾರಿನ ಪಾತ್ರೆ ಎತ್ತಿಕೊಂಡು ಹಿಂದೆ ಓಡಿದೆ. ನಾವು ಹೋಗುವ ಹೊತ್ತಿಗೆ ಅಳಿಯನ ಮುಂದೆ ತಾಟು ಬಂದಿತ್ತು. ರೊಟ್ಟಿ, ಬದನೆಕಾಯಿ, ಚಟ್ನಿ. ಅವನು ತಾಟು ನೋಡಿದ. ಬಾಗಿಲು ನೋಡಿದ. ಬಾಗಿಲಲ್ಲಿ ವಿಭೂತಿ ಹಚ್ಚಿಕೊಂಡ ಹುಂಜ ನಿಂತು ಅವನನ್ನೇ ನೋಡುತ್ತಿತ್ತು. ಎದುರುಮನೆಯಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅತ್ತೆ ಬುಟ್ಟಿ ಇಳಿಸಿ ಅವನ ಮುಂದೆ ನೆಲದ ಮೇಲೆಯೇ ಕುಳಿತರು.

“ಏನಪಾ, ಆ ಹುಂಜಾ ನಿನಗಂತ ಇಟ್ಟಿದ್ರು. ನಾ ಉಳಿಸೀನಿ. ವಿಭೂತಿ ಹಚ್ಚಿದಾಕಿ ನಾ, ತಾಯತಾ ಕಟ್ಟಿದಾಕೀನೂ ನಾ. ಇವರದೇನೂ ತಪ್ಪಿಲ್ಲ. ಸಿಟ್ಟ ಮಾಡೂದಿದ್ರ ನನ್ನ ಮ್ಯಾಲ ಮಾಡು, ಬೇಕಾದ್ರ ಎರಡ ಮಾತ ಅನ್ನು. ಮಗಳ್ನ ಮಾತ್ರ ಕಳಸೂದು ಬಿಡಬ್ಯಾಡ.”

ಎದುರುಮನೆಯಾಕೆ ಬಾಯಿ ತೆರೆದು ನಮ್ಮನ್ನು ನೋಡಿದಳು. ಮಾವ ಗೋಡೆಯಿಂದ ಕಣ್ಣು ತೆಗೆದು, “ಇಲ್ರಿ ಅವ್ವಾರ, ನಾನೂ ಬೇಡ್ಕೊಂಡಿದ್ದೆ,” ಎಂದ.

“ಏನಂತ?”

“ಮಗಳು ಮನಿಗೆ ಬಂದ್ರ ಏನರ ಬಿಡ್ತೀನಂತ. ದಿನಾ ಬೇಡ್ಕೊಂತಿದ್ದೆ. ಏನ ಬಿಡ್ತೀನಂತ ಹೇಳಿದ್ನೋ ನೆನಪಿಲ್ಲ. ಹುಂಜಾನ ಇರಬೇಕು.”

ಮಗಳು ಅಪ್ಪನ ಬೆನ್ನಿಗೆ ಮುಖ ಹಚ್ಚಿದಳು. ಅಳಿಯ ತಲೆ ಕೆಳಗೆ ಹಾಕಿ ರೊಟ್ಟಿಯ ತುಣುಕು ಮುರಿಯುತ್ತ ಕುಳಿತಿದ್ದ. ಅವನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ.

“ಯಾವ ಹುಂಜಾ, ಯಾವ ಸಿಟ್ರಿ ಅಜ್ಜಿ? ನನಗ ಕುತ್ತಿಗಿ ಅಂದ್ರ ಜೀವಾ. ನಾನ ಕೇಳಿ ಹಾಕಿಸ್ಕೊಂಡಿದ್ದೆ.”

“ಮತ್ತ ಎರಡು ವರ್ಷ ಯಾಕ ಬರಲಿಲ್ಲೋ?”

“ಯಾರ ಕರಿಯಾಕ ಬಂದ್ರು?” ಎಂದ ಅವನು. ಈಗ ದನಿಯಲ್ಲಿ ನಿಜವಾದ ನೋವಿತ್ತು. “ಇಕಿನ್ನ ಕರಕೊಂಡ ಹೋಗಾಕ ತವರಿಂದ ಯಾರರ ಬರ್ತಾರಂತ ನಮ್ಮವ್ವ ಹಬ್ಬಹಬ್ಬಕ್ಕೂ ಬಾಗಲ್ದಾಗ ಕುಂದರತಿದ್ಳು. ಯಾರೂ ಬರಲಿಲ್ಲ.”

“ಫೋನ ಮಾಡಿದ್ವೆಲ್ಲಾ!” ಎಂದಳು ಎದುರುಮನೆಯಾಕೆ.

“ಫೋನ ಸಿಮ್ ಕಂಪನಿಯವ್ರೂ ಮಾಡ್ತಾರ್ರಿ. ಕರೀದ ಬರಾಕ ನಾ ಏನ ಹುಂಜೇನ್ರಿ?”

ಬಾಗಿಲಲ್ಲಿದ್ದ ಹುಂಜ ಆ ಕ್ಷಣಕ್ಕೇ ಒಳಗೆ ಬಂದು ಅವನ ತಾಟಿನ ಪಕ್ಕ ನಿಂತಿತು. ಮೊದಲು ನಕ್ಕವಳು ಎದುರುಮನೆಯಾಕೆ. ಅವಳ ಹಳೆಯ ನಗು, ಓಣಿಗೆಲ್ಲ ಕೇಳಿಸುವ ನಗು. ಎರಡು ವರ್ಷ ಅಳಿಯನ ಸಿಟ್ಟು ಇಳಿಯಲಿ ಎಂದು ಇವರು ಕಾದಿದ್ದರು, ಕರೆಯಲು ಬರಲಿ ಎಂದು ಅವರು ಕಾದಿದ್ದರು. ನಡುವೆ ಇದ್ದದ್ದು ಒಂದು ಬಸ್ಸಿನ ದಾರಿ. ಇಂಥ ಜನಕ್ಕೆ ನಾನು ಇತಿಹಾಸ ಕಲಿಸುತ್ತೇನೆ.

“ಹಂಗಾರ ಈಗ ಹ್ಯಾಂಗ ಬಂದಿ?” ಎಂದು ಅತ್ತೆ ಕೇಳಿದರು.

“ಇಕಿ ಎರಡು ದಿನಾ ರೊಟ್ಟಿ ಬಡೀಲಿಲ್ರಿ.”

ಅವನು ಒಂಬತ್ತು ಹೋಳಿಗೆ ತಿಂದ. ಮಗಳನ್ನು ಎಂಟು ದಿನಕ್ಕೆ ಬಿಟ್ಟು, ಬರುವ ರವಿವಾರ ತಾನೇ ಕರೆಯಲು ಬರುವೆನೆಂದು ಹೇಳಿ ಹೋದ. ಎದುರುಮನೆಯಾಕೆ ಅತ್ತೆಯನ್ನು ಬೈಯಲೋ ತಬ್ಬಿಕೊಳ್ಳಲೋ ತಿಳಿಯದೆ ಎರಡನ್ನೂ ಮಾಡಿದಳು. ಕಾಕಾ ಮಾತ್ರ ತೀರ್ಪು ಹಿಂದೆಗೆದುಕೊಳ್ಳಲಿಲ್ಲ. ಹಚ್ಚಿದ ಕೈ ಯಾರದಾದರೇನು, ಹಚ್ಚಿಸಿದವರು ಮೂರು ಮಂದಿ ದೇವರೇ ಎಂದರು.

ಆ ಸಂಜೆ ಮರುದಿನದ ಭಾಷಣಕ್ಕೆ ಹೊಸ ಕಾಗದ ತೆಗೆದು ಕಟ್ಟೆಯ ಮೇಲೆ ಕುಳಿತಿದ್ದೆ. ಅತ್ತೆ ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದರು.

“ಚೀಟಿಯವ ಕಡೀಕ ಏನಾದಾಬೇ? ಅದನ್ನ ಓದಿ ಹೇಳಲೇ ಇಲ್ಲ ನೀ.”

“ಅದು ಹುಂಜದ ಕೊರಳಾಗೈತ್ರಿ,” ಎಂದೆ. ಅವರು ತಮಾಷೆ ಎಂದು ನಕ್ಕರು. ನಾನು ನಗಲಿಲ್ಲ. ಅವರು ಓದಲು ಬಾರದೆ ಹುಂಜಕ್ಕೆ ಕಟ್ಟಿದ್ದು ಆ ಕೊನೆಯ ಪುಟವನ್ನೇ. ಹೇಳಿದೆ. ಯುದ್ಧ ಮುಗಿಯಿತು. ಗೆದ್ದು ಬಂದ ಇನ್ನೊಂದು ದೇಶದ ಸೈನಿಕರು ಅವನನ್ನು ಏನೋ ವಿಚಾರಣೆಗೆಂದು ಕರೆದುಕೊಂಡು ಹೋದರು. ಅಷ್ಟು ಜನಕ್ಕೆ ಚೀಟಿ ಕೊಟ್ಟವನ ಕೈಯಲ್ಲಿ ಆ ಹೊತ್ತಿಗೆ ಕೆಲಸಕ್ಕೆ ಬರುವ ಚೀಟಿ ಒಂದೂ ಇರಲಿಲ್ಲ. ಮನೆಗೆ ತಿರುಗಿ ಬರಲೇ ಇಲ್ಲ. ತಾಯಿ ಸಾಯುವ ತನಕ ಕಾದಳು.

ಅತ್ತೆಯ ಕೈ ಜೋಳದಲ್ಲೇ ನಿಂತಿತು.

“ಯಾರೂ ಕರಿಯಾಕ ಹೋಗಲಿಲ್ಲೇನ?”

“ಕೇಳಿದ್ರು. ಪತ್ರಾ ಬರದ್ರು.”

“ಪತ್ರಾ ಬರದ್ರ ಆಗೂದಿಲ್ಲ,” ಎಂದರು. ದನಿ ಸಣ್ಣಗಾಗಿತ್ತು. “ಹೋಗಿ ಬಾಗಲ್ದಾಗ ನಿಂದ್ರಬೇಕು.”

ಇಪ್ಪತ್ತು ವರ್ಷದಲ್ಲಿ ತಿದ್ದಲು ಏನೂ ಸಿಗದ ಮಾತು ಅದೊಂದೇ. ಅತ್ತೆ ಓಣಿಯ ಕಡೆ ನೋಡಿದರು, ಕಟ್ಟೆಯ ಮೂಲೆ ನೋಡಿದರು. ಹೊತ್ತು ಮುಳುಗುತ್ತ ಬಂದಿತ್ತು. ಮಗಳು ಬಂದ ಸಂಭ್ರಮದಲ್ಲಿ ಎದುರುಮನೆಯವರು ಬಾಗಿಲು ಮುಂದೆ ಮಾಡಿಕೊಂಡಿದ್ದರು, ಹುಂಜ ಒಳಗೇ ಉಳಿದಿತ್ತು. ಅತ್ತೆ ಮೊರ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದರು. ಚಪ್ಪಲಿ ಮೆಟ್ಟದೆ ಓಣಿ ದಾಟಿ ಆ ಬಾಗಿಲು ಬಡಿದರು. ಮಗಳು ಬಾಗಿಲು ತೆಗೆದು, “ಯಾಕ್ರಿ ಅಜ್ಜಿ, ಏನ ಬೇಕಿತ್ರಿ?” ಎಂದಳು.

ಸಾಯಲಿ, ಹಾಳಾಗಲಿ ಎಂದು ಆ ಹುಂಜವನ್ನು ಬೈಯದೆ ಒಂದು ದಿನ ಕಳೆಯದ ನಮ್ಮ ಅತ್ತೆ, ಹೊಸ್ತಿಲ ಮುಂದೆ ನೆಟ್ಟಗೆ ನಿಂತು ಹೇಳಿದರು.

“ಹುಂಜದ್ದ ಹೊತ್ತಾತು. ಕರಿಯಾಕ ಬಂದೀನಿ.”